ಹೆಬ್ಬಾವಿಗೂ ಒಂದು ಥರ್ಮೋಸ್ಟಾಟ್ ಅಂತೆ!

ನಮ್ಮ ಕಡೆಯ ಹುಡುಗರಿಗೆ ಹೊಸ ಮರುಳು ಹಿಡಿದಿದೆ. ಅಕ್ವೇರಿಯಂ ಆಯ್ತು, ಲವ್ ಬರ್ಡ್ಸ್ ಆಯ್ತು, ಈಗ ಹಾವು. ಅದೂ ಹೆಬ್ಬಾವು! ಬೆಳ್ತಂಗಡಿಯ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿ, "ಪ್ಲೈವುಡ್ ಪೆಟ್ಟಿಗೆ ಮಾಡಿಸ್ತೇನೆ, ಒಳಗೆ ಬಲ್ಬು, ಸೆನ್ಸರ್. ನೀನು ಸಾಫ್ಟ್‌ವೇರಿನವ ಅಲ್ವಾ ಮಾರಾಯ, ಬಿಸಿ ಕಂಟ್ರೋಲ್ ಮಾಡುವ ಕೋಡ್ ಬರೆದುಕೊಡು" ಅಂದ. ಇಪ್ಪತ್ತು ಸಾಲಿನ ಕೋಡು. ಬರೆಯುವುದಿಲ್ಲ ಅಂದೆ. ಯಾಕೆ ಅಂತ ಇಲ್ಲಿ ಬರೀತಿದ್ದೇನೆ, ಅವನೂ ಓದಲಿ.

ಈ ಬಲ್ಬು, ಹೀಟ್ ಪ್ಯಾಡ್ ಎಲ್ಲ ಚಳಿದೇಶದವರ ಕಷ್ಟ ಮಾರಾಯ್ರೆ. ಹೊರಗೆ ಹಿಮ ಬೀಳುವಾಗ ಪೆಟ್ಟಿಗೆಯೊಳಗೆ 30 ಡಿಗ್ರಿ ಬೇಕು, ಅದಕ್ಕೇ ಅವರು ಸಂದು ಮುಚ್ಚುತ್ತಾರೆ. ಬಂಟ್ವಾಳದ ಏಪ್ರಿಲ್ ಮಧ್ಯಾಹ್ನ ನಮಗೇ ಉಸಿರು ಕಟ್ಟುತ್ತದೆ, ಮುಚ್ಚಿದ ಪೆಟ್ಟಿಗೆಗೆ ಬಲ್ಬು ಬೇರೆ! ಹೆಬ್ಬಾವು ಬೇಕಾದಾಗ ಬಿಸಿಲಿಗೆ ಬರ್ತದೆ, ಸಾಕಾದರೆ ಮುರಕಲ್ಲಿನ ಕಟ್ಟೆಯ ಮಾಟೆಗೋ ತೋಟದ ತೋಡಿಗೋ ಇಳೀತದೆ. ಮೊಟ್ಟೆ ಇಟ್ಟ ಹೆಣ್ಣಂತೂ ಸುತ್ತ ಸುರುಳಿ ಹಾಕಿ, ಸ್ನಾಯು ನಡುಗಿಸಿ ತಾನೇ ಕಾವು ಕೊಡ್ತದೆ. (ನಮ್ಮ ಕೋಡ್ ಬೇಡ!)

ಇನ್ನು ಸೀಲ್ ಮಾಡುವುದು. ಪ್ಲೈವುಡ್ಡನ್ನು ಹಾಗೇ ಬಿಟ್ಟರೆ ನೀರು, ಮೂತ್ರ ಕುಡಿದು ಉಬ್ಬುತ್ತದೆ. ವಾರ್ನಿಶ್ ಬಳಿದರೆ ವಾಸನೆ ಪೂರ್ತಿ ಹೋಗಲು ವಾರಗಟ್ಟಲೆ ಬೇಕು. ಜೂನ್ ಬಂದರೆ ನಮ್ಮಲ್ಲಿ ಮನೆ ಬಾಗಿಲೇ ಉಬ್ಬಿ ಹಾಕಲಿಕ್ಕಾಗುವುದಿಲ್ಲ, ಕಪಾಟಿನ ಬಟ್ಟೆಗೆಲ್ಲ ಬೂಸ್ಟು. ಅಂಥ ಹವೆಯಲ್ಲಿ ಸಿಲಿಕೋನ್ ಹಚ್ಚಿ ಗಾಳಿ ಕಟ್ಟಿದರೆ ಹಾವಿನ ಹೊಟ್ಟೆಯ ಹುರುಪೆ ಕೊಳೆಯುತ್ತದೆ, ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಬಲ್ಬಿಗೆ ಜಾಲರಿ ಇಲ್ಲದಿದ್ದರೆ ಅದಕ್ಕೇ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತದೆ.

ಕಾನೂನು ಗೊತ್ತುಂಟಾ? ನಮ್ಮ ಹೆಬ್ಬಾವು, ತುಳುವಿನ ಪೆರ್ಮರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಯ ಜೊತೆಗೆ. ಹಿಡಿದು ಸಾಕಿದರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. "ಹಾಗಾದ್ರೆ ಆಫ್ರಿಕಾದ ಬಾಲ್ ಪೈಥಾನ್ ತರ್ತೇನೆ" ಅನ್ನುವ ಬುದ್ಧಿವಂತರಿಗೆ: ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, 2024ರ ನಿಯಮ ಬಂದ ಮೇಲೆ ಅದನ್ನೂ ಸರಕಾರದಲ್ಲಿ ನೋಂದಾಯಿಸಬೇಕು.

"ಪಿಲಿಕುಳದಲ್ಲಿ ಇಟ್ಟಿಲ್ವಾ?" ಅಂತ ಕೇಳ್ತಾರೆ. ಅದು ಮೃಗಾಲಯ ಸ್ವಾಮೀ! ಮೂಡುಬಿದಿರೆಯ ಫ್ಲ್ಯಾಟಿನ ಬಾಲ್ಕನಿಗೆ ಪಶುವೈದ್ಯರು ಬರ್ತಾರಾ?

"ನಾವು ಪ್ರೀತಿಯಿಂದ ಸಾಕ್ತೇವೆ" ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುವುದು. ನಾಗರಪಂಚಮಿಗೆ ಕಲ್ಲಿಗೆ ಹಾಲೆರೆಯುವ, ನಾಗಬನದ ಕಡ್ಡಿ ಮುರಿಯಲೂ ಹೆದರುವ ಊರು ನಮ್ಮದು. ಅದೇ ಊರಲ್ಲಿ ಕೋಳಿಗೂಡಿಗೆ ನುಗ್ಗಿದ ಹೆಬ್ಬಾವಿಗೆ ದೊಣ್ಣೆ. ಬದುಕಿ ಉಳಿದರೆ ಗೋಣಿಚೀಲ, ಹತ್ತು ಮೊಬೈಲುಗಳಲ್ಲಿ ವಿಡಿಯೋ. ತೋಟದ ಹೆಗ್ಗಣ ತಿಂದು ಹೋಗುವಾಗ ಯಾರಿಗೂ ಅದರ ನೆನಪಿಲ್ಲ.

ಸೀಲ್ ಮಾಡಲೇಬೇಕಾದ ಮರದ ಪೆಟ್ಟಿಗೆಯೊಂದು ಹಿತ್ತಿಲಲ್ಲೇ ಉಂಟು, ಕೋಳಿಗೂಡು. ಪ್ಲೈವುಡ್ಡಿಗೆ ಹಾಕುವ ದುಡ್ಡಲ್ಲಿ ಅದಕ್ಕೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ, ಬಾಗಿಲ ಸಂದು ಮುಚ್ಚಿ. ಆದರೂ ಒಳಗೆ ಬಂತಾ? ಅರಣ್ಯ ಇಲಾಖೆಗೆ ಫೋನ್ ಮಾಡಿ, ಅವರು ಬರುವವರೆಗೆ ಜನರನ್ನು ದೂರ ನಿಲ್ಲಿಸಿ. ಹೊಟ್ಟೆ ತುಂಬಿದ ಹೆಬ್ಬಾವನ್ನು ಎಳೆದಾಡಿದರೆ ನುಂಗಿದ್ದನ್ನು ಕಕ್ಕುತ್ತದೆ, ಕೋಳಿಯೂ ದಂಡ. ಕೋಳಿಯ ಲೆಕ್ಕ ಆಮೇಲೆ ಮಾಡುವಾ.