ಆಕಾಶ ಎಲ್ಲರದು, ತಾರಸಿ ಯಾರದು?

ಆಕಾಶಕ್ಕೆ ಬಾಡಿಗೆ ಕೇಳುವ ಧಣಿ ಇನ್ನೂ ಹುಟ್ಟಿಲ್ಲ. ಆದರೆ ತಾರಸಿಗೆ ಬೀಗ ಜಡಿಯುವ ಧಣಿ ವಠಾರ ವಠಾರದಲ್ಲಿಯೂ ಇದ್ದಾನೆ.

ಪ್ರಸಾರ ಭಾರತಿಯು 2004ರ ಡಿಸೆಂಬರಿನಲ್ಲಿ ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎಂಬ ಹೆಸರಿನ ಸೇವೆಗೆ ತಿಂಗಳ ಚಂದಾ ಇಲ್ಲ. ಡಿಶ್ಶು, ಪೆಟ್ಟಿಗೆ, ಕೇಬಲ್ಲು ಒಮ್ಮೆ ಕೊಂಡರಾಯಿತು. ಜನರ ಹಣದಿಂದ ಹಾರಿಸಿದ ಉಪಗ್ರಹದ ಕಿರಣ ಮಾಲೀಕನ ಬಂಗಲೆಯ ಮೇಲೂ ಕೂಲಿಯವನ ಮನೆಯ ಮೇಲೂ ಒಂದೇ ಸಮನಾಗಿ ಬೀಳುತ್ತದೆ. ಸುಮಾರು 36,000 ಕಿಲೋಮೀಟರ್ ದಾಟಿ ಬಂದದ್ದು ಕೊನೆಯ 50 ಮೀಟರಿನಲ್ಲಿ ಏಕೆ ನಿಂತುಹೋಗುತ್ತದೆ?

ಕಾರಣ ಸ್ಪಷ್ಟ. ನಮ್ಮ ಸೀಮೆಯಿಂದ ಆ ಉಪಗ್ರಹ ಆಗ್ನೇಯ ದಿಕ್ಕಿಗಿದೆ. ಆ ಕಡೆ ಮಹಡಿ ಮನೆಯೋ ತೆಂಗಿನ ಮರವೋ ಅಡ್ಡ ನಿಂತರೆ ಸಾಲುಮನೆಯವನಿಗೆ ತಾರಸಿಯೊಂದೇ ಗತಿ. ತಾರಸಿ ಕೇಳಿದರೆ, 'ಮೊಳೆ ಹೊಡೆದರೆ ಸೋರುತ್ತದೆ' ಎಂಬ ಉತ್ತರ. ಧಣಿಯ ಸ್ವಂತ ಡಿಶ್ಶಿನ ಮೊಳೆಯಿಂದ ಮಾತ್ರ ಸೋರುವುದಿಲ್ಲ! ಬಡವ ಹಿತ್ತಿಲಾಚೆಯ ಬಯಲಿನಲ್ಲಿ ಡಿಶ್ಶು ನಿಲ್ಲಿಸಿ, ಉದ್ದನೆಯ ಕೇಬಲ್ಲು ಎಳೆಯುತ್ತಾನೆ. ಅಲ್ಲಿ ಎರಡನೆಯ ಮೋಸ ಕಾದಿರುತ್ತದೆ.

ಡಿಶ್ಶಿನಿಂದ ಇಳಿಯುವ ಸಂಕೇತ ಕೇಬಲ್ಲಿನಲ್ಲಿ ಓಡಿದಷ್ಟೂ ಸೊರಗುತ್ತದೆ. ಸಾಮಾನ್ಯವಾಗಿ ಬಳಸುವ ಆರ್‌ಜಿ-6 ಕೇಬಲ್ಲು 100 ಮೀಟರ್ ಆದರೆ, ಮೇಲ್ತುದಿಯ ಆವರ್ತನಗಳಲ್ಲಿ ಸುಮಾರು ಸಾವಿರದಲ್ಲೊಂದು ಪಾಲು ಮಾತ್ರ ಮನೆ ಮುಟ್ಟುತ್ತದೆ. ಅದೇ ಕೇಬಲ್ಲಿನಲ್ಲಿ ಪೆಟ್ಟಿಗೆಯಿಂದ ಡಿಶ್ಶಿಗೆ 13 ಅಥವಾ 18 ವೋಲ್ಟ್ ವಿದ್ಯುತ್ತೂ ಹೋಗಬೇಕು. ನಡುತಂತಿ ಅಪ್ಪಟ ತಾಮ್ರವಾಗಿದ್ದರೆ ಅದು ತಕ್ಕಮಟ್ಟಿಗೆ ಸರಾಗವಾಗಿ ಹೋಗುತ್ತದೆ. ತಾಮ್ರದ ಲೇಪ ಹಚ್ಚಿದ ಉಕ್ಕಾದರೆ ದಾರಿಯಲ್ಲೇ ಕುಗ್ಗುತ್ತದೆ. ಆಗ ಕೆಲವು ಚಾನೆಲ್ಲು ಬರುತ್ತವೆ, ಕೆಲವು ಬರುವುದಿಲ್ಲ. ಬಡವ ಡಿಶ್ಶನ್ನು ಬೈಯುತ್ತಾನೆ. ಬೈಯಬೇಕಾದದ್ದು ಆ ತಂತಿಯನ್ನು. ಹತ್ತು ಮೀಟರಿಗೆ ಸಾಕಾಗುವ ಉಕ್ಕಿನ ತಂತಿಯನ್ನು ಐವತ್ತು ಮೀಟರಿಗೆ 'ತಾಮ್ರ' ಎಂದು ಮಾರುವುದು ಹಗಲುದರೋಡೆಯಲ್ಲದೆ ಮತ್ತೇನು?

ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ನಿಮ್ಮನ್ನೂ ಸಗಟು ವ್ಯಾಪಾರಿ ಇದೇ ರೀತಿ ವಂಚಿಸಿರಬಹುದು. ನಡುತಂತಿಗೆ ಆಯಸ್ಕಾಂತ ಹಿಡಿದು ನೋಡಿ: ಅಂಟಿದರೆ ಉಕ್ಕು. ಅಂಟದಿದ್ದರೆ ಮೇಲ್ಪದರವನ್ನು ಚಾಕುವಿನಿಂದ ಹೆರೆಯಿರಿ: ಒಳಗೆ ಬಿಳಿ ಕಂಡರೆ ಅಲ್ಯೂಮಿನಿಯಂ. ಸುರುಳಿಯ ಮೇಲೆ ನಿಜ ಬರೆದು, ಅಳತೆಗೆ ಸರಿಯಾಗಿ ಮಾರಿ. ಕಾರ್ಮಿಕನ ನಂಬಿಕೆಯೇ ನಿಮ್ಮ ಬಂಡವಾಳ.

ಕೊಳ್ಳುವವರೂ ತಿಳಿಯಬೇಕು. ಕೇಬಲ್ಲು ನಡುವೆ ಗಂಟಿಲ್ಲದೆ ಒಂದೇ ತುಂಡಾಗಿರಲಿ. ಉದ್ದ ಹೆಚ್ಚಾದರೆ ಶಕ್ತಿವರ್ಧಕವನ್ನು ಡಿಶ್ಶಿನ ಬಳಿಯೇ ಇಡಿ. ಟಿವಿಯ ಹಿಂದಿಟ್ಟರೆ ಸೊರಗಿದ ಸಂಕೇತದ ಜೊತೆ ಗದ್ದಲವೂ ದೊಡ್ಡದಾಗುತ್ತದೆ. ಕರೆಂಟಿನ ತಂತಿಯ ಜೊತೆ ಕಟ್ಟಬೇಡಿ. ಡಿಶ್ಶಿಗೆ ಅರ್ತಿಂಗ್ ಮಾಡಿಸಿ.

ಇನ್ನು ತಾರಸಿಯ ಪ್ರಶ್ನೆ. ಬಾಡಿಗೆದಾರನಿಗೆ ಡಿಶ್ಶಿನ ಹಕ್ಕು ಎಂದೊಡನೆ, ಆಸ್ತಿಯ ಹಕ್ಕೇ ಮುಳುಗಿತೆಂದು ಗುಲ್ಲೆಬ್ಬಿಸುವವರಿದ್ದಾರೆ. ಅವರು ಬಂಡವಾಳಶಾಹಿಯ ತವರಾದ ಅಮೆರಿಕದತ್ತ ನೋಡಲಿ. ಅಲ್ಲಿ 1996ರ ನಿಯಮ ಒಂದು ಮೀಟರಿನೊಳಗಿನ ಡಿಶ್ಶಿಗೆ ವಿನಾಕಾರಣ ಅಡ್ಡಿ ಮಾಡುವುದನ್ನು ತಡೆಯಿತು. 1999ರಲ್ಲಿ ಅದು ಬಾಡಿಗೆದಾರರಿಗೂ ಅನ್ವಯಿಸಿತು. ಆದರೆ ಅವರ ಸ್ವಂತ ಬಳಕೆಯ ಬಾಲ್ಕನಿ, ಅಂಗಳಗಳಿಗೆ ಮಾತ್ರ. ಸಾಮೂಹಿಕ ತಾರಸಿಗೆ ಅಲ್ಲ. ನಮ್ಮ ವಠಾರದವನಿಗೆ ಬಾಲ್ಕನಿ ಎಲ್ಲಿಂದ ಬಂತು? ಅವನಿಗೆ ಬೇಕಾದದ್ದು ತಾರಸಿಯ ಒಂದು ಮೂಲೆ.

ಆದ್ದರಿಂದ ನಮ್ಮ ಆಗ್ರಹ ಇಷ್ಟು: ವಠಾರಕ್ಕೊಂದು ಡಿಶ್ಶಿನ ಜಾಗ ಬಿಡಬೇಕೆಂದು ಸರ್ಕಾರ ಕಾನೂನು ಮಾಡಲಿ. ಕೇಬಲ್ಲಿನ ನಡುತಂತಿ ಯಾವ ಲೋಹದ್ದೆಂದು ಸುರುಳಿಯ ಮೇಲೆ ಕನ್ನಡದಲ್ಲಿ ಅಚ್ಚಾಗಲಿ. ಅಲ್ಲಿಯವರೆಗೆ ವಠಾರದವರು ಒಬ್ಬೊಬ್ಬರೇ ಧಣಿಯ ಬಾಗಿಲಿಗೆ ಹೋಗುವುದು ಬೇಡ. ಹತ್ತು ಮನೆಯವರು ಒಟ್ಟಾಗಿ ಹೋಗಿ ಕೇಳಲಿ. ಒಬ್ಬನ ಮುಂದೆ ಬಿದ್ದ ಬೀಗ ಹತ್ತು ಜನರ ಮುಂದೆ ತೆರೆದೀತು.