ಹದವಾದ ಬಿಸಿಯೇ ಹಿತ

ಕತ್ತು ಹಿಡಿದುಕೊಂಡರೆ ಉಪ್ಪಿನ ಗಂಟು, ಸೊಂಟ ನೋವಿಗೆ ಮರಳಿನ ಗಂಟು. ಶಾಖ ಕೊಡುವ ಇಂಥ ಉಪಾಯಗಳು ನಮ್ಮ ಮನೆಗಳಿಗೆ ಹೊಸವಲ್ಲ. ಔಷಧಿ ಅಂಗಡಿಗೆ ಹೋದರೆ ರಬ್ಬರಿನ ಬಿಸಿನೀರಿನ ಚೀಲವೂ ಸಿಗುತ್ತದೆ, ವಿದ್ಯುತ್ತಿನಿಂದ ಬಿಸಿಯಾಗುವ ಪಟ್ಟಿಯೂ ಸಿಗುತ್ತದೆ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಮಗಳಿಗೆ ಮುಟ್ಟಿನ ಹೊಟ್ಟೆನೋವು ಬಂದಾಗ, ಗಂಟೆಗಟ್ಟಲೆ ಬಗ್ಗಿ ಬರೆದ ಮಗನ ಕತ್ತು ತಿರುಗದಂತಾದಾಗ ಅವು ಮನೆಯಲ್ಲಿ ಇದ್ದೇ ಇರುತ್ತವೆಂದು ಹೇಳಲಾಗದು. ಅಡುಗೆಮನೆಯ ಅಕ್ಕಿ, ಒಂದು ಹಳೆಯ ಹತ್ತಿ ಬಟ್ಟೆ, ಸೂಜಿ-ದಾರ ಇದ್ದರೆ ಅರ್ಧ ಗಂಟೆಯಲ್ಲಿ ಶಾಖದ ಚೀಲ ಸಿದ್ಧ. ಅದಕ್ಕೆ ಮೊದಲು ಒಂದು ಮಾತು ತಿಳಿದಿರಬೇಕು: ಬಿಸಿ ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬುದು ತಪ್ಪು.

ಶಾಖದಿಂದ ನೋವು ಇಳಿಯುವುದೇಕೆ?

ಬೆಚ್ಚಗಿನ ಚೀಲ ಇಟ್ಟ ಕಡೆ ರಕ್ತನಾಳಗಳು ಹಿಗ್ಗಿ ರಕ್ತದ ಓಡಾಟ ಹೆಚ್ಚುತ್ತದೆ. ಬಿಗಿದುಕೊಂಡ ಸ್ನಾಯು ಸಡಿಲಗೊಳ್ಳುತ್ತದೆ. ಮುಟ್ಟಿನ ನೋವಿಗೂ ಬಿಗಿತವೇ ಕಾರಣ. ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಗರ್ಭಕೋಶದ ಸ್ನಾಯುವನ್ನು ಹಿಂಡುವಂತೆ ಮಾಡುವುದರಿಂದ ಕೆಳಹೊಟ್ಟೆ ನೋಯುತ್ತದೆ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸುಮಾರು 39 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರುವ ಪಟ್ಟಿಯನ್ನು ಕಿಬ್ಬೊಟ್ಟೆಗೆ ಕಟ್ಟಿಕೊಂಡವರಿಗೆ ಐಬುಪ್ರೊಫೆನ್ ಮಾತ್ರೆ ನುಂಗಿದವರಷ್ಟೇ ಉಪಶಮನ ಸಿಕ್ಕಿತು. ನಮ್ಮ ಮೈಯ ಬಿಸಿ ಸುಮಾರು 37 ಡಿಗ್ರಿ. ಅದಕ್ಕಿಂತ ಎರಡೇ ಡಿಗ್ರಿ ಹೆಚ್ಚಿನ ಕಾವು ಸಾಕಾಯಿತು ಎಂಬುದನ್ನು ಗಮನಿಸಿ.

ಚರ್ಮದ ನರತುದಿಗಳಲ್ಲಿ ಸುಡುವ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕವಿದೆ. ಮೆಣಸಿನಕಾಯಿಯ ಖಾರದ ಅಂಶವನ್ನು ಬಳಸಿ ಅದನ್ನು ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಸುಮಾರು 43 ಡಿಗ್ರಿ ದಾಟಿದರೆ ಈ ಗ್ರಾಹಕ ಚುರುಕಾಗುತ್ತದೆ. ಅಲ್ಲಿಂದ ಮುಂದೆ ಬಿಸಿಯೇ ಒಂದು ನೋವು.

ಮಾಡುವ ವಿಧಾನ

ಹಳೆಯ ಪಂಚೆ ಅಥವಾ ದಿಂಬಿನ ಚೀಲದಿಂದ ಹತ್ತು ಇಂಚು ಉದ್ದ, ಆರು ಇಂಚು ಅಗಲದ ಚೀಲ ಹೊಲಿಯಿರಿ. ಬಟ್ಟೆ ಅಪ್ಪಟ ಹತ್ತಿಯದೇ ಆಗಿರಲಿ. ನೈಲಾನ್, ಪಾಲಿಯೆಸ್ಟರ್ ಬಿಸಿಗೆ ಕರಗಬಹುದು. ಒಂದು ಬದಿಯ ಬಾಯಿಗೆ ಲಾಡಿ ಹಾಕಿ. ಹೊಲಿಗೆ ಬಾರದ ಮಕ್ಕಳು ದಪ್ಪನೆಯ ಹತ್ತಿಯ ಕಾಲುಚೀಲ ಬಳಸಬಹುದು. ಅರ್ಧ ಕಿಲೋ ಹಸಿ ಅಕ್ಕಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟು ಕೈಯಾಡಿಸುತ್ತ ಬೆಚ್ಚಗೆ ಮಾಡಿ. ಅಕ್ಕಿ ಕೆಂಪಾಗುವವರೆಗೆ ಹುರಿಯಬಾರದು. ಒಲೆಯಿಂದ ಇಳಿಸಿ, ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಅಕ್ಕಿ ತುಂಬಿದ ಚೀಲವನ್ನೇ ಕಾವಲಿಯ ಮೇಲೆ ಇಡಬೇಡಿ, ಬಟ್ಟೆ ಹೊತ್ತಿಕೊಳ್ಳುತ್ತದೆ.

ಮೈಕ್ರೋವೇವ್ ಒಲೆ ಇರುವವರು ಬಾಯಿ ಹೊಲಿದ ಚೀಲವನ್ನೇ ಒಂದು ನಿಮಿಷ ಇಟ್ಟು ನೋಡಿ, ಬೇಕಿದ್ದರೆ ಮತ್ತೆ ಅರ್ಧರ್ಧ ನಿಮಿಷ ಇಡಲಿ. ಪಕ್ಕದಲ್ಲಿ ಒಂದು ಲೋಟ ನೀರಿದ್ದರೆ ಅಕ್ಕಿ ಸೀಯುವ ಭಯ ಕಡಿಮೆ. ಲೋಹದ ಗುಂಡಿ, ಜಿಪ್ ಇರುವ ಚೀಲ ಕೂಡದು. ಹಾಸ್ಟೆಲಿನಲ್ಲಿ ಇರುವವರು ಸ್ನಾನದ ಬಿಸಿನೀರನ್ನು ಬಿಗಿ ಮುಚ್ಚಳದ ಸ್ಟೀಲ್ ಬಾಟಲಿಗೆ ತುಂಬಿ ಟವೆಲ್ ಸುತ್ತಿಕೊಳ್ಳಬಹುದು. ತೆಳು ಪ್ಲಾಸ್ಟಿಕ್ ಬಾಟಲಿಗೆ ಮಾತ್ರ ಬಿಸಿನೀರು ಹಾಕಬಾರದು. ಅದು ಮೆತ್ತಗಾಗಿ ಮುಚ್ಚಳ ಬಿಟ್ಟುಕೊಂಡರೆ ಮೈ ಸುಡುತ್ತದೆ.

ಚೀಲವನ್ನು ಮೊದಲು ಮುಂಗೈಯ ಒಳಭಾಗಕ್ಕೆ ಒತ್ತಿ ಹತ್ತರವರೆಗೆ ಎಣಿಸಿ. ಹಿತವೆನಿಸಿದರೆ ಸರಿ, ಕೈ ತೆಗೆಯಬೇಕೆನಿಸಿದರೆ ಆರಲು ಬಿಡಿ. ಟವೆಲಿನ ಒಂದು ಪದರದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಇಟ್ಟುಕೊಂಡರೆ ಸಾಕು. ಬೇಕಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಡಬಹುದು. ಈ ಅಕ್ಕಿಯನ್ನು ಅಡುಗೆಗೆ ಬಳಸದೆ ಒಣಗಿದ ಡಬ್ಬಿಯಲ್ಲಿ ಬೇರೆ ಇಡಿ. ಸೀದ ವಾಸನೆ ಬಂದರೆ ಅಥವಾ ಹುಳು ಹಿಡಿದರೆ ಬದಲಿಸಿ.

ಅಕ್ಕಿಯೋ, ಉಪ್ಪೋ, ನೀರೋ?

ಇದು ವಿದ್ಯಾರ್ಥಿಗಳೇ ಮಾಡಿ ನೋಡಬಹುದಾದ ಪ್ರಯೋಗ. ಸಮತೂಕದ ವಸ್ತುಗಳನ್ನು ಸಮನಾಗಿ ಬಿಸಿ ಮಾಡಿದರೆ ಎಲ್ಲವೂ ಒಂದೇ ಪ್ರಮಾಣದ ಉಷ್ಣವನ್ನು ಹಿಡಿದಿಡುವುದಿಲ್ಲ. ಪಠ್ಯಪುಸ್ತಕದ ವಿಶಿಷ್ಟೋಷ್ಣ ಎಂದರೆ ಇದೇ. ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು ಸುಮಾರು 4.2 ಜೂಲ್ ಬೇಕು. ಉಪ್ಪಿಗೆ, ಮರಳಿಗೆ ಅದರ ಐದನೆಯ ಒಂದು ಭಾಗ ಮಾತ್ರ. ಆದ್ದರಿಂದಲೇ ಉಪ್ಪಿನ ಗಂಟನ್ನು ಮತ್ತೆ ಮತ್ತೆ ಕಾಯಿಸಬೇಕಾಗುತ್ತದೆ. ಅಕ್ಕಿ ಇವೆರಡರ ನಡುವಿನದು. ಕಾಳುಗಳ ನಡುವೆ ಸಿಕ್ಕಿಕೊಂಡ ಗಾಳಿ ಉಷ್ಣವನ್ನು ಬೇಗ ಹೊರಹೋಗಲು ಬಿಡುವುದಿಲ್ಲ. ಅಕ್ಕಿಯಲ್ಲಿರುವ ತುಸು ತೇವದಿಂದ ಕಾವು ಮೃದುವಾಗಿಯೂ ಇರುತ್ತದೆ. ಬೇಕಾದಂತೆ ಬಾಗುವುದರಿಂದ ಚೀಲ ಕತ್ತಿಗೂ ಮಂಡಿಗೂ ಹೊಂದಿಕೊಳ್ಳುತ್ತದೆ.

ಮೂರನ್ನೂ ಸುಮಾರು 55 ಡಿಗ್ರಿಗೆ ಬಿಸಿ ಮಾಡಿ, ಐದೈದು ನಿಮಿಷಕ್ಕೆ ಉಷ್ಣತೆ ಅಳೆದು ನಕ್ಷೆ ಬರೆಯಿರಿ. ಇದಕ್ಕೆ ಶಾಲೆಯ ಪ್ರಯೋಗಶಾಲೆಯ ಉಷ್ಣಮಾಪಕ ಬೇಕು. ಜ್ವರ ನೋಡುವ ಗಾಜಿನ ಉಷ್ಣಮಾಪಕ ಸುಮಾರು 42 ಡಿಗ್ರಿಯವರೆಗಿನದು. ಈ ಬಿಸಿಗೆ ಒಡೆದೀತು.

ಯಾವಾಗ ಬೇಡ?

ಅಮೆರಿಕದ ಮೊರಿಟ್ಜ್ ಮತ್ತು ಹೆನ್ರಿಕ್ಸ್ 1947ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, 60 ಡಿಗ್ರಿ ಬಿಸಿ ಚರ್ಮವನ್ನು ಸುಡಲು ಸುಮಾರು ಐದು ಸೆಕೆಂಡು ಸಾಕು. 44 ಡಿಗ್ರಿಯೂ ಆರು ಗಂಟೆ ತಗಲಿಕೊಂಡೇ ಇದ್ದರೆ ಸುಡುತ್ತದೆ. ಶಾಖದ ಚೀಲದ ಮೇಲೆ ಮಲಗಿ ನಿದ್ದೆ ಹೋಗಬಾರದು ಎನ್ನುವುದು ಇದಕ್ಕೇ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವ ಅಜ್ಜ ಅಜ್ಜಿಯರಿಗೆ ಸುಡುತ್ತಿರುವುದೇ ತಿಳಿಯುವುದಿಲ್ಲ. ಅವರ ಕಾಲಿಗೂ ಎಳೆಗೂಸುಗಳಿಗೂ ಈ ಚೀಲ ಬೇಡವೇ ಬೇಡ.

ಆಟದಲ್ಲಿ ಆಗತಾನೆ ಕಾಲು ಉಳುಕಿ ಊದಿಕೊಂಡಿದ್ದರೆ ಮೊದಲ ಎರಡು ದಿನ ಬಿಸಿ ಕೊಡಬಾರದು. ತಣ್ಣನೆಯ ಪಟ್ಟಿಯೇ ಸರಿ. ಹೊಕ್ಕುಳ ಸುತ್ತ ಶುರುವಾದ ನೋವು ಬಲಗಡೆಯ ಕೆಳಹೊಟ್ಟೆಗೆ ಇಳಿದು, ಜ್ವರವೋ ವಾಂತಿಯೋ ಜೊತೆಗೂಡಿದರೆ ಅದು ಅಪೆಂಡಿಕ್ಸ್ ಇರಬಹುದು. ಆಗ ಶಾಖ ಕೊಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಯದಾಗಿ ತಾಯಂದಿರಿಗೂ ತಂದೆಯರಿಗೂ ಒಂದು ಮಾತು. ಮುಟ್ಟಿನ ನೋವೆಂದು ಮಗಳು ಹೇಳಿದಾಗ ‘ಎಲ್ಲರಿಗೂ ಬರುವುದೇ, ಸಹಿಸಿಕೋ’ ಎನ್ನಬೇಡಿ. ಚೀಲ ಬಿಸಿ ಮಾಡಿಕೊಡಿ, ಅರ್ಧ ಗಂಟೆ ಮಲಗಲು ಬಿಡಿ. ಅಷ್ಟಕ್ಕೂ ನೋವು ತಗ್ಗದೆ ಪ್ರತಿ ತಿಂಗಳೂ ಶಾಲೆ ತಪ್ಪುತ್ತಿದ್ದರೆ ವೈದ್ಯರಿಗೆ ತೋರಿಸಿ. ಅಂಥ ನೋವಿಗೆ ಕಾರಣ ಹುಡುಕಬೇಕು, ಚಿಕಿತ್ಸೆಯೂ ಇದೆ.