ಕೊನೆಯ ದಿನದ ಅವಧಾನ

ದೇಶಸಂಚಾರವು ನಮ್ಮ ಪರಂಪರೆಗೆ ಹೊಸದಲ್ಲ. ಜಂಗಮ ಎಂಬ ಪದದಲ್ಲಿಯೇ ಚಲನೆಯ ಅರ್ಥವಡಗಿದೆ. ಚರಜಂಗಮರು ಒಂದೂರಿನಲ್ಲಿ ಬಹುಕಾಲ ನೆಲೆಸದೆ, ಭಕ್ತರ ಮನೆಯಿಂದ ಮನೆಗೆ, ನಾಡಿನಿಂದ ನಾಡಿಗೆ ಸಂಚರಿಸುತ್ತಿದ್ದರು. ಅವರಿಗೆ ಎಲ್ಲ ಊರೂ ತಮ್ಮೂರೇ ಆಗಿದ್ದುದರಿಂದ ಪ್ರಯಾಣದ ಕೊನೆಯ ದಿನವೆಂಬುದೂ ಇರಲಿಲ್ಲ, ಅದರ ಅವಸರವೂ ಇರಲಿಲ್ಲ. ಸಂಸಾರಿಯ ಪ್ರಯಾಣ ಹಾಗಲ್ಲ. ಅವನಿಗೊಂದು ಮನೆಯಿದೆ, ಆ ಮನೆಯಲ್ಲಿ ದಾರಿ ಕಾಯುವವರಿದ್ದಾರೆ. ಆ ಸೆಳೆತವೇ ಮರಳುವ ದಿನವನ್ನು ಉಳಿದ ದಿನಗಳಿಗಿಂತ ಬೇರೆಯಾಗಿಸುತ್ತದೆ.

ಈ ವಿಚಾರವನ್ನೆತ್ತಲು ಕಾರಣವಾದುದು ಬೈಲಹೊಂಗಲ ತಾಲೂಕಿನ ಒಬ್ಬ ತಾಯಿ ನಮಗೆ ಬರೆದ ಪತ್ರ. ಅವರ ಹಿರಿಯ ಮಗ ಬರುವ ಸೆಪ್ಟೆಂಬರಿನಲ್ಲಿ ಒಬ್ಬನೇ ಮೋಟಾರ್ ಸೈಕಲ್ಲಿನ ಮೇಲೆ ಲಡಾಖಿನ ಲೇಹಕ್ಕೆ ಹೋಗಿ ಬರುವ ಸಂಕಲ್ಪ ಮಾಡಿದ್ದಾನೆ. ತಂದೆ ಮೊದಲು ಒಪ್ಪಲಿಲ್ಲ. ಕಡೆಗೆ, ವಿಜಯದಶಮಿಯ ಸಂಜೆ ಬನ್ನಿ ಹಂಚುವ ಹೊತ್ತಿಗೆ ಮಗ ಮನೆಯಲ್ಲಿರಲೇಬೇಕೆಂಬ ಷರತ್ತಿನ ಮೇಲೆ ಒಪ್ಪಿದ್ದಾರೆ. ತಾಯಿ ಬರೆಯುತ್ತಾರೆ: ತಮಗೆ ಹಿಮಾಲಯದ ಭಯವಿಲ್ಲ. ಹನ್ನೆರಡು ವರ್ಷಗಳ ಹಿಂದೆ ತಮ್ಮ ಒಡಹುಟ್ಟಿದವನು ಇದೇ ರೀತಿ ಪುಣೆಯಿಂದ ಬರುವಾಗ, ಊರ ಅಗಸಿ ಕಾಣುವಷ್ಟು ಸಮೀಪದಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡನು. ತಮ್ಮ ಭಯವೆಲ್ಲ ಆ ಕೊನೆಯ ದಾರಿಯದು. ಇದನ್ನು ಮನೆಯವರಿಗೆ ಹೇಗೆ ತಿಳಿಸಬೇಕು?

ಆ ತಾಯಿಯ ಭಯಕ್ಕೆ ಆಧಾರವಿದೆ. ಲೇಹ–ಮನಾಲಿ ದಾರಿಯ ತಂಗ್ಲಾಂಗ್ ಲಾ ಕಣಿವೆಯು ಸಮುದ್ರಮಟ್ಟದಿಂದ 5,300 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಉಸಿರಾಟವೇ ಶ್ರಮವಾಗುತ್ತದೆ, ಹಿಮದ ನೀರು ರಸ್ತೆಯ ಮೇಲೆ ಹರಿಯುತ್ತದೆ. ಅಂಥಲ್ಲಿ ಯಾವ ಸವಾರನೂ ಮೈಮರೆಯಲಾರನು. ಪರ್ವತವೇ ಅವನನ್ನು ಎಚ್ಚರದಲ್ಲಿಡುತ್ತದೆ. ಮನಾಲಿಯ ಸಮೀಪ, 2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗವನ್ನು ದಾಟಿ ಇಳಿದ ತರುವಾಯ ದೆಹಲಿ, ರಾಜಸ್ಥಾನ, ಗುಜರಾತಗಳನ್ನು ಹಾಯ್ದು ಬರಬೇಕು. ಹೀಗೆ ಸುಮಾರು ಎರಡೂವರೆ ಸಾವಿರ ಕಿಲೋಮೀಟರುಗಳ ಮರುಪಯಣದ ಕೊನೆಗೆ ಪುಣೆಯಲ್ಲಿ ತಂಗಿದವನಿಗೆ ಉಳಿಯುವುದು ನಾನೂರು ಕಿಲೋಮೀಟರಿಗೆ ಹತ್ತಿರದ ಹಾದಿ. ಅಷ್ಟೂ ದೂರ ಕ್ರಮಿಸಿದವನಿಗೆ ಇದು ಹಿತ್ತಲಿನಷ್ಟೇ ಎನಿಸುವುದು ಸಹಜ. ಅಪಾಯವು ಆರಂಭವಾಗುವುದು ಈ ಎಣಿಕೆಯಿಂದಲೇ.

ಖಂಬಾಟಕಿ ಘಾಟವನ್ನಿಳಿದು, ಸಾತಾರಾ, ಕರಾಡ, ಕೊಲ್ಲಾಪುರಗಳನ್ನು ದಾಟಿ ನಿಪ್ಪಾಣಿಗೆ ಬಂದೊಡನೆ ಕನ್ನಡದ ಫಲಕಗಳು ಕಾಣಿಸುತ್ತವೆ, ಪರಿಚಿತ ಮಾತು ಕಿವಿಗೆ ಬೀಳುತ್ತದೆ. ಮನಸ್ಸು ಆಗಲೇ ಮನೆಯ ಪಡಸಾಲೆಯಲ್ಲಿ ಕುಳಿತುಬಿಡುತ್ತದೆ. ದೇಹ ಮಾತ್ರ ತವಂದಿ ಘಾಟದ ತಿರುವಿನಲ್ಲಿರುತ್ತದೆ. ಅನೇಕ ದಿನಗಳ ಗಾಳಿ, ಬಿಸಿಲು, ಯಂತ್ರದ ಕಂಪನ, ಅರೆನಿದ್ದೆಗಳು ಆ ದೇಹದಲ್ಲಿ ಸಂಚಯಗೊಂಡಿರುತ್ತವೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ವಾಹನವು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ 66 ಮೀಟರ್ ದಾರಿಯನ್ನು ಸವಾರನಿಲ್ಲದ ವಾಹನವೇ ಕ್ರಮಿಸಿದಂತಾಯಿತು. ಹೆದ್ದಾರಿಯನ್ನು ಬಿಟ್ಟು ಊರ ರಸ್ತೆಗೆ ತಿರುಗಿದ ಮೇಲಂತೂ ಒಕ್ಕಣೆಗೆ ಹರವಿದ ಸೋಯಾ, ಗುರುತಿಲ್ಲದ ಉಬ್ಬುಗಳು, ಹಂಗಾಮು ಆರಂಭವಾಗಿದ್ದರೆ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ಎದುರಾಗುತ್ತವೆ. ಈ ದಾರಿ ತನಗೆ ಗೊತ್ತೆಂಬ ಭಾವವು ಕತ್ತಲಲ್ಲಿ ಕಣ್ಣಿಗೆ ಪಟ್ಟಿ ಕಟ್ಟುತ್ತದೆ.

ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಅಸುನೀಗಿದರು. ಅವರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಇವರಲ್ಲಿ ಒಬ್ಬೊಬ್ಬರಿಗೂ ದಾರಿ ಕಾಯುವ ಮನೆಯೊಂದಿತ್ತು.

ಷಟ್‌ಸ್ಥಲ ಸಿದ್ಧಾಂತದಲ್ಲಿ ಆರು ಸ್ಥಲಗಳಿಗೆ ಆರು ಬಗೆಯ ಭಕ್ತಿಯನ್ನು ಹೇಳಿದೆ. ಭಕ್ತನಿಗೆ ಶ್ರದ್ಧೆ, ಮಹೇಶ್ವರನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಮೇಲಿನ ಸ್ಥಲಕ್ಕೇರಿದವನು ಕೆಳಗಿನದನ್ನು ತೊರೆದುಬಿಡುವನೆಂದು ಇದರರ್ಥವಲ್ಲ. ಹಿಂದಿನವೆಲ್ಲ ಮುಂದಿನದರಲ್ಲಿ ಉಳಿದೇ ಇರುತ್ತವೆ. ಅವಧಾನವಳಿದ ಆನಂದವು ಬರಿಯ ಮೈಮರೆವು. ಮನೆ ಸೇರುವ ಸಂತೋಷವನ್ನು ಹೊತ್ತು ಬರುವ ಸವಾರನಿಗೂ ಇದು ಅನ್ವಯಿಸುತ್ತದೆ. ಸಂತೋಷ ಬೇಡವೆಂದು ನಾವು ಹೇಳುವುದಿಲ್ಲ. ಅದು ಎಚ್ಚರದ ಕೈಹಿಡಿದು ಬರಲಿ ಎನ್ನುತ್ತೇವೆ.

ಆ ತರುಣನ ತಂದೆಗೆ ನಮ್ಮ ವಿನಂತಿ ಇಷ್ಟೆ. ಮಗನು ಹಬ್ಬಕ್ಕೆ ಬರಲೆಂಬುದು ವಾತ್ಸಲ್ಯ. ಅದಕ್ಕೆ ಗಡಿಯಾರವನ್ನು ಕಟ್ಟಿದೊಡನೆ ಅದು ಅವನ ಬೆನ್ನಿಗೆ ಹಿಡಿದ ಕೋಲಾಗುತ್ತದೆ. ಬನ್ನಿಯನ್ನು ವಿಜಯದಶಮಿಯ ಸಂಜೆಯೇ ಕೊಡಬೇಕೆಂಬ ಕಟ್ಟಳೆಯಿಲ್ಲ. ಮರುದಿನವೂ, ಅದರ ಮರುದಿನವೂ ನಮ್ಮ ಊರುಗಳಲ್ಲಿ ಜನ ಬನ್ನಿ ಹಿಡಿದು ಹಿರಿಯರ ಮನೆಗೆ ಹೋಗುವುದುಂಟು. ಒಂದು ದಿನ ಬಾಡಿದ ಬನ್ನಿಯ ಎಲೆಗೂ ಬಂಗಾರವೆಂದೇ ಹೆಸರು. ತಡವಾದರೆ ಬೆಳಗಾವಿಯಲ್ಲಿ ತಂಗಿ ಬಾ ಎಂಬ ಮಾತನ್ನು ತಂದೆಯೇ ಮುಂಚಿತವಾಗಿ, ತನ್ನ ಬಾಯಿಂದಲೇ ಹೇಳಿಡಲಿ. ತಾಯಿ ಹೇಳಿದರೆ ಅದು ಅಂಜಿಕೆಯೆನಿಸೀತು; ಷರತ್ತು ಹಾಕಿದವರು ಹೇಳಿದರೆ ಮಗನ ಮನಸ್ಸಿನ ಭಾರವಿಳಿಯುತ್ತದೆ. ಎಲ್ಲಿ ಬಂದೆ ಎಂದು ಅರ್ಧ ಗಂಟೆಗೊಮ್ಮೆ ದೂರವಾಣಿ ಮಾಡುವುದನ್ನು ಬಂಧುಗಳೂ ಬಿಡಲಿ. ಅವನು ನಿಂತಲ್ಲಿಂದ ಅವನೇ ತಿಳಿಸಲಿ.

ತರುಣನಿಗೂ ಒಂದೆರಡು ಮಾತು. ಪುಣೆಯಲ್ಲಿ ಒಂದು ಪೂರ್ಣ ರಾತ್ರಿ ನಿದ್ರಿಸಬೇಕು. ಹೊರಡುವ ಮುನ್ನ ಸವೆದ ಗಾಲಿ, ಬ್ರೇಕು, ಸರಪಳಿಗಳನ್ನು ನೋಡಿಸಬೇಕು. ದೀರ್ಘ ಪ್ರಯಾಣದಿಂದ ಅವೂ ಬಳಲಿರುತ್ತವೆ. ಎರಡು ಗಂಟೆಗೊಮ್ಮೆ ಇಳಿದು ನೀರು ಕುಡಿದು ವಿಶ್ರಮಿಸಬೇಕು. ಊರು ಬಂತೆಂದು ಹೆಲ್ಮೆಟ್ಟನ್ನು ತೆಗೆದು ಕೈಗೆ ಸಿಕ್ಕಿಸಿಕೊಳ್ಳುವ ಚಾಳಿ ನಮ್ಮಲ್ಲಿದೆ. ಅದನ್ನು ಅಂಗಳದಲ್ಲಿ ಇಳಿದ ಮೇಲೆಯೇ ತೆಗೆಯಬೇಕು. ಹೆದ್ದಾರಿಯ ಮೇಲೆ ಎಂ.ಕೆ. ಹುಬ್ಬಳ್ಳಿಯಲ್ಲಿ, ಮಲಪ್ರಭೆಯ ಒಡಲಲ್ಲಿ, ಶರಣೆ ಗಂಗಾಂಬಿಕೆಯ ಐಕ್ಯಮಂಟಪವಿದೆ. ಮನೆ ಹತ್ತಿರವಾದಾಗಲೇ ನಿಲ್ಲುವುದು ಕಠಿಣ. ಆದಕಾರಣ ಅಲ್ಲಿ ನಿಲ್ಲಲಿ. ಮುಖ ತೊಳೆದು, ಅರ್ಧ ಗಂಟೆ ಕುಳಿತು, ಮುಂದೆ ಓಡಿದ ಮನಸ್ಸನ್ನು ಹಿಂದಕ್ಕೆ ಕರೆದುಕೊಂಡು ಹೊರಡಲಿ.

ಪರವೂರಿನಿಂದ ಮಕ್ಕಳು ಮರಳುವ ಮನೆಗಳು ಇಂದು ಅಸಂಖ್ಯ. ಬೆಂಗಳೂರಿನಿಂದಲೋ ಪುಣೆಯಿಂದಲೋ ಹಬ್ಬದ ಹಿಂದಿನ ರಾತ್ರಿ ಬೈಕು ಏರುವ ಮಗನಿಗೂ ಮಗಳಿಗೂ ಈ ಮಾತು ಸಲ್ಲುತ್ತದೆ. ಬೇಗ ಬಾ ಎನ್ನುವ ರೂಢಿಯ ಬದಲಿಗೆ ನಿಧಾನವಾಗಿ ಬಾ, ಊಟ ಕಾದಿರುತ್ತದೆ ಎಂಬ ಮಾತನ್ನು ನಮ್ಮ ಮನೆಗಳು ರೂಢಿಸಿಕೊಳ್ಳಲಿ.